‘ಸರ್ವರ್ ಇಲ್ಲ’ ಎಂಬ ಉತ್ತರದ ಹಿಂದೆ: ತಂತ್ರಾಂಶ ಅಳವಡಿಕೆಯ ಕುರಿತು ಸದಸ್ಯರು ತಿಳಿದಿರಬೇಕಾದುದು

ಗ್ರಾಮ ಪಂಚಾಯತಿ ಕಚೇರಿಗೆ ಬರುವ ನಾಗರಿಕರು ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಬಾರಿ ಕೇಳಿರುವ ಉತ್ತರ ಯಾವುದೆಂದರೆ, ‘ಸರ್ವರ್ ಇಲ್ರಿ, ನಾಳೆ ಬರ್ರಿ’ ಎಂಬುದು. ಮನೆ ಕಟ್ಟಲು ಬ್ಯಾಂಕಿನ ಸಾಲಕ್ಕೆ ನಮೂನೆ-9 ಮತ್ತು ನಮೂನೆ-11 ಬೇಕಾದವರು, ನಿವೇಶನ ಮಾರಿ ಮಗಳ ಮದುವೆ ಮಾಡಲು ಹೊರಟವರು, ಕರ ತುಂಬಲು ಕೂಲಿ ಬಿಟ್ಟು ಬಂದವರು ಈ ಉತ್ತರವನ್ನು ಕೇಳಿ ಹಿಂದಿರುಗುತ್ತಾರೆ. ಮರುದಿನದ ಕೂಲಿಯೂ ಹೋಗುತ್ತದೆ. ಅವರು ಸದಸ್ಯರ ಮನೆ ಬಾಗಿಲಿಗೆ ಬಂದು ಕಾರಣ ಕೇಳಿದಾಗ, ಸದಸ್ಯರೂ ಅದೇ ಎರಡು ಪದಗಳನ್ನು ಪುನರುಚ್ಚರಿಸಬೇಕಾಗುತ್ತದೆ.

ವಾಸ್ತವದಲ್ಲಿ ‘ಸರ್ವರ್ ಇಲ್ಲ’ ಎಂಬುದು ಒಂದು ಕಾರಣವಲ್ಲ. ಕನಿಷ್ಠ ಐದಾರು ಬೇರೆ ಬೇರೆ ಕಾರಣಗಳಿಗೆ ಇಟ್ಟ ಒಂದೇ ಹೆಸರು. ಅವುಗಳಲ್ಲಿ ಕೆಲವು ಬೆಂಗಳೂರಿನಲ್ಲಿ ಸರಿಯಾಗಬೇಕಾದವು, ಕೆಲವು ತಾಲ್ಲೂಕಿನಲ್ಲಿ, ಉಳಿದವು ಪಂಚಾಯತಿಯ ಕಚೇರಿಯಲ್ಲಿಯೇ. ಯಾವುದು ಎಲ್ಲಿ ಕೆಟ್ಟಿದೆ ಎಂದು ಬೇರ್ಪಡಿಸಿ ಕೇಳುವ ಶಕ್ತಿ ಸದಸ್ಯರಿಗೆ ಬರಬೇಕಾದರೆ, ಪಂಚಾಯತಿಯ ತಂತ್ರಾಂಶವು ಎಲ್ಲಿ ಕುಳಿತಿದೆ, ಅದನ್ನು ಹೇಗೆ ಅಳವಡಿಸುತ್ತಾರೆ, ಹೊಸ ಆವೃತ್ತಿ ಬಂದಾಗ ಏನಾಗುತ್ತದೆ ಎಂಬುದರ ಸ್ಥೂಲ ಪರಿಚಯ ಅಗತ್ಯ.

ಹೆಬ್ಬಳ್ಳಿಯಿಂದ ಬೆಂಗಳೂರಿನವರೆಗೆ

ಧಾರವಾಡ ತಾಲ್ಲೂಕಿನ ಹೆಬ್ಬಳ್ಳಿಯನ್ನು ಕೇವಲ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅಲ್ಲಿನ ಒಬ್ಬ ಆಸ್ತಿದಾರರು ತಮ್ಮ ಮನೆಯ ನಮೂನೆ-9ನ್ನು ಕೋರುತ್ತಾರೆ ಎಂದು ಭಾವಿಸಿದರೆ, ಡಾಟಾ ಎಂಟ್ರಿ ಆಪರೇಟರ್ ಮುಂದಿರುವ ಕಂಪ್ಯೂಟರಿನಲ್ಲಿ ಆ ನಮೂನೆ ಇರುವುದಿಲ್ಲ. ಆ ಕಂಪ್ಯೂಟರ್ ಒಂದು ಕಿಟಕಿ ಮಾತ್ರ. ಕೋರಿಕೆಯು ಕಚೇರಿಯ ತಂತಿಯಿಂದ ಹೊರಟು, ಭೂಮಿಯೊಳಗಿನ ಫೈಬರ್ ಕೇಬಲ್ ಅಥವಾ ಮೊಬೈಲ್ ಜಾಲದ ಮೂಲಕ ನಾನೂರು ಕಿಲೋಮೀಟರಿಗೂ ದೂರದಲ್ಲಿರುವ ಬೆಂಗಳೂರಿನ ದತ್ತಾಂಶ ಕೇಂದ್ರವನ್ನು ತಲುಪುತ್ತದೆ. 2013ರಲ್ಲಿ ಆರಂಭವಾದ ಇ-ಸ್ವತ್ತು ತಂತ್ರಾಂಶವು ಅಲ್ಲಿನ ದಾಖಲೆಯನ್ನು ಹುಡುಕಿ ಪುಟವನ್ನು ಹಿಂದಕ್ಕೆ ಕಳುಹಿಸುತ್ತದೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿ ಬಿದ್ದ ನಂತರವೇ ಅದು ಪ್ರಮಾಣಿತ ದಾಖಲೆಯಾಗುತ್ತದೆ.

ಬೆಂಗಳೂರಿನಲ್ಲಿರುವುದು ಒಂದು ಸರ್ವರ್ ಅಲ್ಲ, ಹಲವು ಸರ್ವರುಗಳ ಒಂದು ಜಾಲ. ಇಂತಹ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಮೊದಲ ಸಾಲಿನ ಯಂತ್ರಗಳು ಬಂದ ಕೋರಿಕೆಗಳನ್ನು ಸ್ವೀಕರಿಸಿ ಹಂಚುತ್ತವೆ. ಎರಡನೆಯ ಸಾಲಿನವು ನಿಯಮಗಳನ್ನು ಅನ್ವಯಿಸುತ್ತವೆ. ಕರದ ಲೆಕ್ಕ ಹಾಕುವುದು, ಯಾರಿಗೆ ಯಾವ ಅನುಮತಿ ಇದೆ ಎಂದು ನೋಡುವುದು ಇವುಗಳ ಕೆಲಸ. ಮೂರನೆಯ ಸಾಲಿನಲ್ಲಿ ದತ್ತಾಂಶ ಸಂಗ್ರಹವಿರುತ್ತದೆ; ಆಸ್ತಿ, ಮಾಲೀಕರು, ಅಳತೆ, ಬಾಕಿ ಎಲ್ಲವೂ ಅಲ್ಲಿ.

ಬಹುಗ್ರಾಮ ಕುಡಿಯುವ ನೀರಿನ ಯೋಜನೆಯನ್ನು ಕಂಡ ಸದಸ್ಯರಿಗೆ ಇದು ಹೊಸತಲ್ಲ. ನದಿಯ ಮೂಲದಲ್ಲಿ ಜಾಕ್‌ವೆಲ್ ಕೆಟ್ಟರೆ ಎಲ್ಲ ಊರುಗಳಿಗೂ ನೀರಿಲ್ಲ. ಊರಿನ ಮೇಲ್ತೊಟ್ಟಿಯ ವಾಲ್ವ್ ಕೆಟ್ಟರೆ ಆ ಊರಿಗೆ ಮಾತ್ರ ಇಲ್ಲ. ಓಣಿಯ ಪೈಪು ಒಡೆದರೆ ಆ ಓಣಿಗೆ ಮಾತ್ರ. ಮೂರೂ ಸಂದರ್ಭಗಳಲ್ಲಿ ನಳದ ಮುಂದೆ ನಿಂತವರಿಗೆ ಕಾಣುವುದು ಒಂದೇ, ಖಾಲಿ ಕೊಡ. ಆದರೆ ನೀರುಗಂಟಿಯು ಪಕ್ಕದ ಊರಿಗೆ ಫೋನು ಮಾಡಿ ‘ನಿಮ್ಮಲ್ಲಿ ನೀರು ಬರುತ್ತಿದೆಯೇ’ ಎಂದು ಕೇಳಿದ ಕೂಡಲೇ ದೋಷ ಎಲ್ಲಿದೆ ಎಂಬುದು ಅರ್ಧ ತಿಳಿಯುತ್ತದೆ. ಸರ್ವರಿನ ವಿಷಯದಲ್ಲಿಯೂ ಮೊದಲ ಪರೀಕ್ಷೆ ಇದೇ. ನೆರೆಯ ಪಂಚಾಯತಿಯಲ್ಲಿ ಅದೇ ಕ್ಷಣದಲ್ಲಿ ಇ-ಸ್ವತ್ತು ತೆರೆಯುತ್ತಿದ್ದರೆ ದೋಷ ಬೆಂಗಳೂರಿನಲ್ಲಿಲ್ಲ.

ಇನ್ನೊಂದು ಅಂಶವನ್ನೂ ಮರೆಯುವಂತಿಲ್ಲ. ಪಂಚಾಯತಿಯ ಎಲ್ಲ ತಂತ್ರಾಂಶಗಳು ಒಂದೇ ಕಡೆಯವಲ್ಲ. ಪಂಚತಂತ್ರ ಮತ್ತು ಇ-ಸ್ವತ್ತು ರಾಜ್ಯದವು. ಯೋಜನೆ ಮತ್ತು ಪಾವತಿಗಾಗಿ ಬಳಸುವ ಇ-ಗ್ರಾಮಸ್ವರಾಜ್ ಕೇಂದ್ರ ಪಂಚಾಯತ್ ರಾಜ್ ಮಂತ್ರಾಲಯದ್ದು. ಅದು 2020ರ ಏಪ್ರಿಲ್ 24ರಂದು ಉದ್ಘಾಟನೆಗೊಂಡಿತು. ಒಂದು ನಿಂತಿದ್ದರೆ ಇನ್ನೊಂದೂ ನಿಂತಿರಬೇಕೆಂದಿಲ್ಲ. ಗುತ್ತಿಗೆದಾರರ ಬಿಲ್ಲಿನ ಸರ್ವರ್ ನಿಂತಿದೆಯೆಂದು ಆಸ್ತಿದಾರರ ನಮೂನೆಯನ್ನು ತಡೆಯುವುದಕ್ಕೆ ಅರ್ಥವಿಲ್ಲ.

ನೂರ ಎಪ್ಪತ್ತೇಳು ಸರ್ವರುಗಳ ಕಾಲ

ಒಂದೇ ಕಡೆ ಸರ್ವರ್ ಇಟ್ಟು ರಾಜ್ಯವೆಲ್ಲ ಅದನ್ನು ಬಳಸುವ ಈ ಕ್ರಮ ಮೊದಲಿನಿಂದ ಇದ್ದದ್ದಲ್ಲ. ಕರ್ನಾಟಕದಲ್ಲಿ ತಂತ್ರಾಂಶವನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಿದ ಮೊದಲ ಪಾಠ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು, ಅಂದರೆ ಈ ಭಾಗದವರು ಉತಾರ ಎಂದು ಕರೆಯುವ ದಾಖಲೆಗಳನ್ನು, ಗಣಕೀಕರಿಸಲಾಯಿತು. ಆ ಕಾಲದಲ್ಲಿ ಬೆಂಗಳೂರಿಗೂ ತಾಲ್ಲೂಕಿಗೂ ನಡುವೆ ನಂಬಿಕೊಳ್ಳಬಹುದಾದ ದತ್ತಾಂಶ ಸಂಪರ್ಕವಿರಲಿಲ್ಲ. ಆದ್ದರಿಂದ 177 ತಾಲ್ಲೂಕು ಕಚೇರಿಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಸರ್ವರ್ ಇಡಬೇಕಾಯಿತು.

ಹಾಗೆ ಮಾಡಿದಾಗ ತಂತ್ರಾಂಶದ ಪ್ರತಿಯೊಂದು ತಿದ್ದುಪಡಿಯನ್ನೂ ಪ್ರತಿ ತಾಲ್ಲೂಕಿಗೆ ತಲುಪಿಸಿ, ಅಲ್ಲಿನ ಯಂತ್ರದಲ್ಲಿ ಅಳವಡಿಸಿ, ಅದು ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಒಂದು ತಾಲ್ಲೂಕಿನಲ್ಲಿ ಹೊಸ ಆವೃತ್ತಿ, ಪಕ್ಕದ ತಾಲ್ಲೂಕಿನಲ್ಲಿ ಹಳೆಯದು ಎಂಬ ಸ್ಥಿತಿ ಇಂತಹ ವ್ಯವಸ್ಥೆಯ ಜೊತೆಗೇ ಹುಟ್ಟುವ ತೊಡಕು. ಆ ದಿನದ ದತ್ತಾಂಶದ ನಕಲನ್ನು ತೆಗೆದಿಡುವ ಹೊಣೆಯೂ ಆಯಾ ಕಚೇರಿಯದೇ. ಯಂತ್ರ ಸುಟ್ಟುಹೋದರೆ ನಕಲು ಇದ್ದಷ್ಟು ದಿನದ್ದು ಮಾತ್ರ ಉಳಿಯುತ್ತದೆ.

ಆದರೆ ಭೂಮಿ ಯೋಜನೆಯ ನಿಜವಾದ ಶ್ರಮ ಯಂತ್ರದಲ್ಲಿರಲಿಲ್ಲ, ದಾಖಲೆಯಲ್ಲಿತ್ತು. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ, ಮುದ್ರಿಸಿ, ಗ್ರಾಮ ಲೆಕ್ಕಿಗರು ಮೂಲದೊಂದಿಗೆ ಹೋಲಿಸಿ, ತಪ್ಪು ಗುರುತಿಸಿ, ತಿದ್ದಿ, ಮತ್ತೆ ಮುದ್ರಿಸಿದರು. ಹೀಗೆ ಸಿದ್ಧವಾದ ತಾಲ್ಲೂಕುಗಳಲ್ಲಿ ಅಧಿಸೂಚನೆ ಹೊರಡಿಸಿ ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಪಡಿಸಲಾಯಿತು. ಹಳೆಯದೂ ಹೊಸದೂ ಜೊತೆಜೊತೆಗೆ ನಡೆಯಲು ಬಿಡಲಿಲ್ಲ ಎಂಬುದು ಆ ಯೋಜನೆ ನಿಲ್ಲಲು ಮುಖ್ಯ ಕಾರಣ. ದಾಖಲೆ ತಿದ್ದುವ ನೌಕರರು ಬೆರಳಚ್ಚಿನ ಮೂಲಕವೇ ಒಳಗೆ ಹೋಗಬೇಕೆಂಬ ನಿಯಮವನ್ನೂ ಆಗಲೇ ತರಲಾಯಿತು. ಯಾರು, ಯಾವಾಗ ತಿದ್ದಿದರು ಎಂಬುದಕ್ಕೆ ಸಾಕ್ಷಿ ಉಳಿಯಿತು. ಇಂದಿಗೂ ಪಂಚಾಯತಿಗಳಿಗೆ ಈ ಎರಡು ಪಾಠಗಳು ಅನ್ವಯಿಸುತ್ತವೆ. ಎರಡನೆಯದನ್ನು ಕೆಲವೆಡೆ ಮರೆತಂತೆ ಕಾಣುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಸಂಪರ್ಕ ಸುಧಾರಿಸಿದ ಮೇಲೆ ತಾಲ್ಲೂಕಿನ ದತ್ತಾಂಶ ರಾಜ್ಯದ ಕೇಂದ್ರಕ್ಕೆ ಹೋಯಿತು. ಗ್ರಾಮ ಪಂಚಾಯತಿಗಳಿಗೆ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಕೇಂದ್ರೀಕೃತ ವ್ಯವಸ್ಥೆಯಲ್ಲಿ ತಂತ್ರಾಂಶವನ್ನು ಒಂದೇ ಕಡೆ ಬದಲಿಸಿದರೆ ಸಾಕು, ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯತಿಗಳಲ್ಲಿ ಮರುದಿನ ಬೆಳಿಗ್ಗೆ ಹೊಸ ಪುಟ ತೆರೆಯುತ್ತದೆ. ಲಾಭ ದೊಡ್ಡದು. ಆದರೆ ಆ ಒಂದು ಕಡೆ ತಪ್ಪಾದರೆ ಅದೇ ಬೆಳಿಗ್ಗೆ ಆರು ಸಾವಿರ ಕಚೇರಿಗಳ ಮುಂದೆ ಜನ ನಿಲ್ಲುತ್ತಾರೆ.

ಹೊಸ ಆವೃತ್ತಿ ಹೇಗೆ ಕೂರುತ್ತದೆ

ಒಳ್ಳೆಯ ಅಳವಡಿಕೆಯು ಜನರು ಬಳಸುವ ಸರ್ವರಿನಲ್ಲಿ ಆರಂಭವಾಗುವುದಿಲ್ಲ. ಅದೇ ತರಹದ, ಆದರೆ ಪ್ರತ್ಯೇಕವಾದ ಪರೀಕ್ಷಾ ಸರ್ವರಿನಲ್ಲಿ ಮೊದಲು ಹೊಸ ತಂತ್ರಾಂಶವನ್ನು ಓಡಿಸಿ ನೋಡುತ್ತಾರೆ. ಬಳಿಕ ಒಂದೆರಡು ಕಚೇರಿಗಳಿಗೆ ಮಾತ್ರ ಕೊಡುತ್ತಾರೆ. ನೋಂದಣಿ ಇಲಾಖೆಯು 2003ರಿಂದ ಬಳಸುತ್ತಿದ್ದ ಕಾವೇರಿ ತಂತ್ರಾಂಶದ ಬದಲಿಗೆ ಕಾವೇರಿ 2.0 ತಂದಾಗ ಹೀಗೆಯೇ ಆಯಿತು. 2023ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ಮತ್ತು ಬೆಳಗಾವಿ ದಕ್ಷಿಣದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಪ್ರಾಯೋಗಿಕವಾಗಿ ನಡೆಸಿ, ನಂತರ ಹಂತಹಂತವಾಗಿ ಉಳಿದ ಕಚೇರಿಗಳಿಗೆ ವಿಸ್ತರಿಸಲಾಯಿತು.

ಮುಖ್ಯ ಸರ್ವರುಗಳಿಗೆ ಅಳವಡಿಸುವಾಗಲೂ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಬೇಕಾಗಿಲ್ಲ. ಎರಡು ಮೇಲ್ತೊಟ್ಟಿಗಳಿರುವ ಊರಿನಲ್ಲಿ ಒಂದನ್ನು ಖಾಲಿ ಮಾಡಿ ತೊಳೆಯುವಾಗ ಇನ್ನೊಂದರಿಂದ ನೀರು ಬಿಡುವಂತೆ, ಒಂದು ಸರ್ವರನ್ನು ಸಾಲಿನಿಂದ ಹೊರಗೆ ತೆಗೆದು, ಹೊಸ ಆವೃತ್ತಿ ಹಾಕಿ, ಪರೀಕ್ಷಿಸಿ, ಮತ್ತೆ ಸಾಲಿಗೆ ಸೇರಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುತ್ತಾರೆ. ಹತ್ತು ಯಂತ್ರಗಳಲ್ಲಿ ಒಂಬತ್ತಕ್ಕೆ ಹೊಸದು ಬಂದು ಒಂದರಲ್ಲಿ ಹಳೆಯದೇ ಉಳಿದರೆ ವಿಚಿತ್ರವಾದ ತೊಂದರೆಯಾಗುತ್ತದೆ: ಅದೇ ಅರ್ಜಿ ಒಮ್ಮೆ ತೆರೆಯುತ್ತದೆ, ಇನ್ನೊಮ್ಮೆ ತೆರೆಯುವುದಿಲ್ಲ. ‘ಬೆಳಿಗ್ಗೆ ಆಗಿತ್ತು, ಈಗ ಆಗುತ್ತಿಲ್ಲ’ ಎಂಬ ದೂರನ್ನು ಆಪರೇಟರಿನ ಅಲಕ್ಷ್ಯವೆಂದು ತಳ್ಳಿಹಾಕುವ ಮೊದಲು ಈ ಸಾಧ್ಯತೆಯನ್ನೂ ನೆನೆಯಬೇಕು. ಇದನ್ನು ತಪ್ಪಿಸಲು, ಯಂತ್ರದಿಂದ ಯಂತ್ರಕ್ಕೆ ಕೈಯಿಂದ ಅಳವಡಿಸದೆ, ಒಂದೇ ಲಿಖಿತ ಆದೇಶಪಟ್ಟಿಯನ್ನು ಎಲ್ಲ ಯಂತ್ರಗಳಲ್ಲಿ ತಾನಾಗಿಯೇ ಓಡಿಸುವ ಕ್ರಮ ಈಗ ರೂಢಿಯಲ್ಲಿದೆ.

ಕಠಿಣವಾದದ್ದು ಮೂರನೆಯ ಸಾಲು, ಅಂದರೆ ದತ್ತಾಂಶ ಸಂಗ್ರಹ. ತಂತ್ರಾಂಶ ಸರಿಬಾರದಿದ್ದರೆ ಹಳೆಯ ಆವೃತ್ತಿಯನ್ನು ಮತ್ತೆ ಕೂರಿಸಬಹುದು. ಆದರೆ ಹೊಸ ಆವೃತ್ತಿಗಾಗಿ ದಾಖಲೆಗಳ ಅಂಕಣಗಳನ್ನೇ ಬದಲಿಸಿ, ಅದರ ಮೇಲೆ ಎರಡು ದಿನ ರಶೀದಿಗಳು ಬಿದ್ದುಬಿಟ್ಟರೆ ಹಿಂದಿರುಗುವ ದಾರಿ ಇಕ್ಕಟ್ಟಾಗುತ್ತದೆ. ಹಳೆಯ ನಕಲಿಗೆ ಹಿಂದಿರುಗಿದರೆ ಆ ಎರಡು ದಿನದ ರಶೀದಿಗಳು ಕಾಣೆಯಾಗುತ್ತವೆ. ಆದ್ದರಿಂದಲೇ ಇಂತಹ ಬದಲಾವಣೆಗೆ ರಾತ್ರಿಯನ್ನೋ ರಜಾದಿನವನ್ನೋ ಆರಿಸಿ, ಮುನ್ನ ಪೂರ್ತಿ ನಕಲು ತೆಗೆದು, ಸೇವೆಯನ್ನು ಕೆಲವು ಗಂಟೆ ನಿಲ್ಲಿಸುತ್ತಾರೆ. ಮುಂಚಿತವಾಗಿ ತಿಳಿಸಿ ನಿಲ್ಲಿಸಿದ್ದು ದೋಷವಲ್ಲ, ಎಚ್ಚರಿಕೆ. ಆ ಸೂಚನೆ ಪಂಚಾಯತಿಗೆ ಬಂದಿತ್ತೇ, ಬಂದದ್ದನ್ನು ಫಲಕದಲ್ಲಿ ಹಾಕಿ ಜನರಿಗೆ ತಿಳಿಸಲಾಗಿತ್ತೇ ಎಂಬುದು ಸದಸ್ಯರು ಕೇಳಬಹುದಾದ ಪ್ರಶ್ನೆ.

ಹಳೆಯ ದತ್ತಾಂಶವನ್ನು ಹೊಸದಕ್ಕೆ ಸಾಗಿಸುವಾಗ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ದೀರ್ಘಕಾಲ ಬೆರಳಚ್ಚಾದ ಕಡತಗಳು ನಮ್ಮ ಕಚೇರಿಗಳಲ್ಲಿ ಅಪಾರವಾಗಿವೆ. ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರವು ಅಕ್ಷರವಾಗಿ ಉಳಿಯುತ್ತಿರಲಿಲ್ಲ. ಅಕ್ಷರದ ತುಂಡುಗಳಿಗೆ ಇಂಗ್ಲಿಷ್ ಸಂಕೇತಗಳನ್ನು ಕೊಟ್ಟು, ಫಾಂಟಿನ ಬಲದಿಂದ ಕನ್ನಡವಾಗಿ ಕಾಣಿಸಲಾಗುತ್ತಿತ್ತು. ಇಂದಿನ ತಂತ್ರಾಂಶಗಳು ಯುನಿಕೋಡ್ ಕ್ರಮವನ್ನು ಬಳಸುತ್ತವೆ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವಾಗ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಸ್ಥಳ ತಪ್ಪುವ ಸಂಭವ ಹೆಚ್ಚು. ಧರ್ಮಣ್ಣ, ಪಾರ್ವತೆವ್ವ, ಚನ್ನಬಸಪ್ಪ ಮುಂತಾದ ಹೆಸರುಗಳು ಈ ಜಿಲ್ಲೆಯ ಓಣಿ ಓಣಿಯಲ್ಲಿವೆ. ಇವುಗಳಲ್ಲಿ ಒಂದು ಒತ್ತು ಜಾರಿದರೂ ಆಧಾರ್ ಕಾರ್ಡಿನ ಹೆಸರಿಗೂ ಆಸ್ತಿಯ ಹೆಸರಿಗೂ ಹೊಂದಾಣಿಕೆ ತಪ್ಪುತ್ತದೆ. ಬ್ಯಾಂಕಿನಲ್ಲಿಯೋ ನೋಂದಣಿ ಕಚೇರಿಯಲ್ಲಿಯೋ ಕಡತ ನಿಲ್ಲುತ್ತದೆ. ಬೆಂಗಳೂರಿನ ಯಾವ ಇಂಜಿನಿಯರ್ ಸಹ ಆ ಹೆಸರು ತಪ್ಪೆಂದು ಗುರುತಿಸಲಾರರು. ಅದೇ ಓಣಿಯ ಸದಸ್ಯರು ಒಮ್ಮೆ ಕಣ್ಣಾಡಿಸಿದರೆ ಗುರುತಿಸುತ್ತಾರೆ.

ಒಂದು ಕಡತ, ಜಗತ್ತಿನ ತುಂಬ ನೀಲಿ ಪರದೆ

ಒಂದೇ ಕಡೆಯಿಂದ ಎಲ್ಲ ಯಂತ್ರಗಳಿಗೆ ಬದಲಾವಣೆ ಕಳುಹಿಸುವುದರ ಅಪಾಯ 2024ರ ಜುಲೈ 19ರಂದು ಜಗತ್ತಿಗೇ ತಿಳಿಯಿತು. ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯು ಕಳುಹಿಸಿದ ಒಂದು ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಸ್ಥಗಿತಗೊಂಡವು. ವಿಮಾನಗಳು ನಿಂತವು, ಆಸ್ಪತ್ರೆಗಳ ವ್ಯವಸ್ಥೆಗಳು ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಬೋರ್ಡಿಂಗ್ ಪಾಸ್ ಕೊಡಲಾಯಿತು. ಕಂಪನಿಯು ಆ ಕಡತವನ್ನು ಒಂದೂವರೆ ಗಂಟೆಯೊಳಗೆ ಹಿಂದಕ್ಕೆ ಪಡೆಯಿತು. ಆದರೂ ಆಗಲೇ ಕುಸಿದಿದ್ದ ಯಂತ್ರಗಳಲ್ಲಿ ಬಹುಪಾಲನ್ನು ಸಿಬ್ಬಂದಿ ಒಂದೊಂದಾಗಿ ಕೈಯಿಂದ ಸರಿಪಡಿಸಬೇಕಾಯಿತು. ಕೆಲವೆಡೆ ದಿನಗಳೇ ಹಿಡಿದವು. ಆ ದಿನ ಕೆಲಸ ಮುಂದುವರಿಸಿದವರು ಪೆನ್ನು, ಕಾಗದ ಕೈಗೆತ್ತಿಕೊಂಡವರು. ವಿಮಾನ ನಿಲ್ದಾಣದಲ್ಲಿ ಆದದ್ದು ಪಂಚಾಯತಿ ಕಚೇರಿಯಲ್ಲಿ ಆಗಬಾರದೇಕೆ?

ಅಳವಡಿಕೆಯ ತಪ್ಪಿಲ್ಲದೆಯೂ ಸರ್ವರ್ ನಿಲ್ಲಬಹುದು. 2025ರ ಆರಂಭದಲ್ಲಿ ಕಾವೇರಿ 2.0 ನಿಧಾನಗೊಂಡು ನೋಂದಣಿಗಳು ತಡವಾದಾಗ, ಋಣಭಾರ ಪತ್ರ ಹುಡುಕುವ ಸೇವೆಗೆ ನಕಲಿ ಖಾತೆಗಳಿಂದ ಯಂತ್ರದ ಮೂಲಕ ಲೆಕ್ಕವಿಲ್ಲದಷ್ಟು ಕೋರಿಕೆಗಳನ್ನು ಸುರಿಸಲಾಗಿದೆ ಎಂದು ಸರ್ಕಾರ ಪೊಲೀಸರಿಗೆ ದೂರು ನೀಡಿತು. ಒಂದೇ ನಳಕ್ಕೆ ನೂರು ಖಾಲಿ ಟ್ಯಾಂಕರುಗಳನ್ನು ಹಚ್ಚಿ ಓಣಿಯವರಿಗೆ ನೀರು ಸಿಗದಂತೆ ಮಾಡಿದ ಹಾಗೆ ಇದು. ಆಸ್ತಿ ನೋಂದಣಿಗೆ ಇ-ಸ್ವತ್ತಿನ ದಾಖಲೆ ಅಗತ್ಯವಾಗಿರುವುದರಿಂದ ಎರಡರಲ್ಲಿ ಯಾವುದು ನಿಂತರೂ ಹಳ್ಳಿಯ ನಿವೇಶನದ ಮಾರಾಟ ನಿಲ್ಲುತ್ತದೆ.

ಪಂಚಾಯತಿಯ ಕೈಯಲ್ಲಿ ಉಳಿದದ್ದು

ಸರ್ವರ್ ಬೆಂಗಳೂರಿಗೆ ಹೋದ ಮೇಲೆ ಪಂಚಾಯತಿಗೆ ಮಾಡಲು ಏನೂ ಇಲ್ಲವೆಂಬ ಭಾವನೆ ಹಬ್ಬಿದೆ. ಅದು ಸರಿಯಲ್ಲ. ಯಂತ್ರ ದೂರ ಹೋಗಿದೆ, ದಾಖಲೆಯ ಒಡೆತನ ಹೋಗಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ಕರ ವಿಧಿಸುವುದು ಪಂಚಾಯತಿಯೇ. ತಂತ್ರಾಂಶವು ಅದರ ಲೆಕ್ಕದ ಸಾಧನ.

ಮೊದಲನೆಯದಾಗಿ, ತಂತ್ರಾಂಶದ ದೊಡ್ಡ ಬದಲಾವಣೆಯ ಸೂಚನೆ ಬಂದ ಕೂಡಲೇ ಆ ದಿನದವರೆಗಿನ ಬೇಡಿಕೆ, ವಸೂಲಿ, ಬಾಕಿ ತಃಖ್ತೆಯನ್ನು ವಾರ್ಡುವಾರು ಮುದ್ರಿಸಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಸಹಿಯೊಂದಿಗೆ ಇಟ್ಟುಕೊಳ್ಳುವುದು ಅತ್ಯಂತ ಉಪಯುಕ್ತ. ಬದಲಾವಣೆಯ ನಂತರ ಅದೇ ತಃಖ್ತೆಯನ್ನು ಮತ್ತೆ ಮುದ್ರಿಸಿ ಎರಡನ್ನೂ ಎದುರುಬದುರು ಹಿಡಿದರೆ, ಆಸ್ತಿಗಳ ಒಟ್ಟು ಸಂಖ್ಯೆ ಒಂದೇ ಇದೆಯೇ, ಬಾಕಿಯ ಮೊತ್ತ ತಾಳೆಯಾಗುತ್ತದೆಯೇ ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಒಂದು ವಾರ್ಡಿನಲ್ಲಿ ಮೊದಲು 212 ಆಸ್ತಿಗಳಿದ್ದು ನಂತರ 209 ಕಂಡರೆ, ಆ ಮೂರು ಕುಟುಂಬಗಳು ಮುಂದೊಂದು ದಿನ ಬ್ಯಾಂಕಿನಿಂದ ಹಿಂದಿರುಗಿ ಬರುವವರೆಗೆ ಕಾಯಬೇಕಾಗಿಲ್ಲ. ಭೂಮಿ ಯೋಜನೆಯಲ್ಲಿ ಗ್ರಾಮ ಲೆಕ್ಕಿಗರು ಮಾಡಿದ್ದು ಇದನ್ನೇ.

ಡಿಜಿಟಲ್ ಸಹಿಯ ಸಾಧನ ಮತ್ತು ಲಾಗಿನ್ ಗುಪ್ತಪದದ ವಿಷಯ ಇನ್ನಷ್ಟು ಸೂಕ್ಷ್ಮ. ಕೆಲಸ ಬೇಗ ಆಗಲೆಂದು ಅಧಿಕಾರಿಯ ಸಹಿಯ ಸಾಧನವನ್ನು ಆಪರೇಟರಿನ ಮೇಜಿನ ಮೇಲೆಯೇ ಬಿಡುವ ಅಭ್ಯಾಸ ಕೆಲವು ಕಡೆ ಕಾಣಸಿಗುತ್ತದೆ. ಖಾಲಿ ಕಾಗದಕ್ಕೆ ಸಹಿ ಹಾಕಿ ಪಂಚಾಯತಿಯ ಮೊಹರಿನೊಂದಿಗೆ ಇಟ್ಟುಹೋದಂತೆ ಅದು. ನಾಳೆ ಒಂದು ಆಸ್ತಿ ಬೇರೆಯವರ ಹೆಸರಿಗೆ ಹೋದರೆ ಸರ್ವರಿನ ದಾಖಲೆಯು ಆ ಅಧಿಕಾರಿಯ ಹೆಸರನ್ನೇ ತೋರಿಸುತ್ತದೆ. ನಿಜವಾಗಿ ತಿದ್ದಿದವರು ಯಾರೆಂದು ಯಾವ ಯಂತ್ರವೂ ಹೇಳಲಾರದು. ಅಧಿಕಾರಿಗಳ ವರ್ಗಾವಣೆಯಾದಾಗ ಹಿಂದಿನವರ ಲಾಗಿನ್ ಮುಚ್ಚಿ ಹೊಸಬರದ್ದು ತೆರೆಯಲು ದಿನಗಳು ಹಿಡಿಯುವುದುಂಟು. ಆ ದಿನಗಳಲ್ಲಿಯೂ ಜನರಿಗೆ ಸಿಗುವ ಉತ್ತರ ‘ಸರ್ವರ್ ಇಲ್ಲ’ ಎಂದೇ ಆಗಿರುತ್ತದೆ. ಸರ್ವರ್ ಅಲ್ಲಿಯೇ ಇರುತ್ತದೆ, ಇಲ್ಲದ್ದು ಸಹಿ.

ಯು.ಪಿ.ಎಸ್. ಬ್ಯಾಟರಿ, ಫೈಬರ್ ಪೆಟ್ಟಿಗೆಗೆ ವಿದ್ಯುತ್, ಬದಲಿ ಸಂಪರ್ಕಕ್ಕೆ ಒಂದು ಡೇಟಾ ಕಾರ್ಡ್ ಇವು ಸಣ್ಣ ಖರ್ಚುಗಳು. ರಸ್ತೆ ಅಗೆಯುವ ಕಾಮಗಾರಿಗೆ ಮಂಜೂರಾತಿ ನೀಡುವಾಗ ಕೇಬಲ್ ಹಾದಿಯನ್ನು ಗುತ್ತಿಗೆದಾರರಿಗೆ ತೋರಿಸುವುದಕ್ಕೆ ಖರ್ಚೂ ಇಲ್ಲ. ಎಷ್ಟೋ ಸಲ ‘ಸರ್ವರ್’ ಕೆಟ್ಟಿರುವುದು ಪಂಚಾಯತಿಯದೇ ಚರಂಡಿ ಕಾಮಗಾರಿಯ ಜೆಸಿಬಿಯಿಂದ.

ಸೇವೆ ನಿಜವಾಗಿಯೂ ನಿಂತಾಗ ಅರ್ಜಿ ಸ್ವೀಕರಿಸುವುದಕ್ಕೆ ಸರ್ವರ್ ಬೇಕಿಲ್ಲ. ಅರ್ಜಿಯನ್ನು ಕೈಯಲ್ಲಿ ಪಡೆದು, ವಹಿಯಲ್ಲಿ ದಿನಾಂಕ ಮತ್ತು ಸಮಯ ನಮೂದಿಸಿ, ಅರ್ಜಿದಾರರಿಗೆ ಬರಹದ ಸ್ವೀಕೃತಿ ನೀಡಿ, ವ್ಯವಸ್ಥೆ ಮರಳಿದಾಗ ಅದೇ ಕ್ರಮಸಂಖ್ಯೆಯಲ್ಲಿ ಏರಿಸಿದರೆ, ಯಾರು ಮೊದಲು ಬಂದರು ಎಂಬ ತಕರಾರು ಉಳಿಯುವುದಿಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011 ಜಾರಿಗೆ ಬಂದ ಮೇಲೆ ನಿಗದಿತ ಅವಧಿ ಮೀರಿದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಾಗರಿಕರಿಗಿದೆ. ಆದರೆ ಅವಧಿಯ ಎಣಿಕೆಗೆ ಸ್ವೀಕೃತಿಯೇ ಆಧಾರ. ‘ನಾಳೆ ಬರ್ರಿ’ ಎಂದು ಬರಿಗೈಯಲ್ಲಿ ಕಳುಹಿಸಿದವರ ಬಳಿ ಸ್ವೀಕೃತಿ ಇರುವುದಿಲ್ಲ. ಅವರು ಬಂದುಹೋದದ್ದಕ್ಕೆ ದಾಖಲೆಯೇ ಇಲ್ಲ.

ಇದರ ಜೊತೆಗೆ ಒಂದು ಸಾದಾ ಪುಸ್ತಕ ಇಟ್ಟರೆ ಸಾಕು. ವ್ಯವಸ್ಥೆ ನಿಂತ ದಿನ, ಗಂಟೆ, ಯಾವ ತಂತ್ರಾಂಶ, ಪರದೆಯ ಮೇಲೆ ಬಂದ ಸಂದೇಶ ಯಥಾವತ್ತಾಗಿ, ನೆರೆಯ ಪಂಚಾಯತಿಯಲ್ಲಿ ನಡೆಯುತ್ತಿತ್ತೇ ಇಲ್ಲವೇ, ಯಾರಿಗೆ ತಿಳಿಸಲಾಯಿತು, ಎಷ್ಟು ಗಂಟೆಗೆ ಮರಳಿತು. ಬೆಂಗಳೂರಿನಲ್ಲಿ ದೋಷ ಹುಡುಕುವವರಿಗೆ ‘ಮೂರು ದಿನದಿಂದ ಬರುತ್ತಿಲ್ಲ’ ಎಂಬ ದೂರಿಗಿಂತ ‘ಮಂಗಳವಾರ ಬೆಳಿಗ್ಗೆ 11.20ಕ್ಕೆ ನಮೂನೆ-11ಬಿ ಉಳಿಸುವಾಗ ಈ ಸಂದೇಶ ಬಂದಿತು’ ಎಂಬ ಒಂದು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಸರ್ವರುಗಳು ತಮ್ಮ ದಿನಚರಿಯನ್ನು ಗಂಟೆ, ನಿಮಿಷಗಳಲ್ಲಿಯೇ ಬರೆದಿಟ್ಟುಕೊಂಡಿರುತ್ತವೆ. ತಿಂಗಳ ಸಾಮಾನ್ಯ ಸಭೆಯಲ್ಲಿ ಜಮಾ-ಖರ್ಚಿನ ನಂತರ ಈ ಪುಸ್ತಕವನ್ನೂ ಮಂಡಿಸುವಂತೆ ಯಾವ ಸದಸ್ಯರಾದರೂ ಸೂಚಿಸಬಹುದು. ಆ ತಿಂಗಳಲ್ಲಿ ನಿಂತ ಗಂಟೆಗಳಲ್ಲಿ ಎಷ್ಟು ಬೆಂಗಳೂರಿನವು, ಎಷ್ಟು ಕರೆಂಟಿನವು, ಎಷ್ಟು ಸಹಿಯಿಲ್ಲದೆ ಹೋದವು ಎಂಬುದು ಆಗ ನಡಾವಳಿಯಲ್ಲಿಯೇ ಬರುತ್ತದೆ.